ಕೇಳದೆ ಕೊಟ್ಟ ಬೀದರ

ನನ್ನ ಗಂಡ ದೇವರಂಥ ಮನುಷ್ಯ ಎಂದು ಭಾಲ್ಕಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹೇಳಲಿ ಬಿಡಿ. ಆ ದೇವರಂಥವನ ಜೊತೆ ಹದಿನೆಂಟು ವರ್ಷ ಸಂಸಾರ ಮಾಡಿದವಳು ನಾನು, ನನ್ನನ್ನು ಮಾತ್ರ ಯಾರೂ ಕೇಳಿಲ್ಲ.

ಅವರು ಪಾಸ್ಟರ್ ಅನೀಲಕುಮಾರ. ಬಸ್‌ಸ್ಟ್ಯಾಂಡಿನಲ್ಲಿ ನಡುಗುತ್ತ ಕೂತಿದ್ದ ಮುದುಕನಿಗೆ ಮೈಮೇಲಿನ ಸ್ವೆಟರ್ ಬಿಚ್ಚಿ ಕೊಟ್ಟು, ಸೀನುತ್ತ ಮನೆಗೆ ಬಂದವರು. ಅದು ಅವರ ಸ್ವೆಟರ್, ಸರಿ. ಆದರೆ ನನ್ನ ತವರಿನವರು ಕೊಟ್ಟ ಕುಕ್ಕರ್ ಹೊಸದಾಗಿ ಲಗ್ನವಾದ ಯಾರದೋ ಮನೆಗೆ ಹೋಗಿದೆ ಎಂದು ನನಗೆ ಗೊತ್ತಾದದ್ದು ಬೇಳೆ ತೊಳೆದುಕೊಂಡು ಕುಕ್ಕರ್ ಹುಡುಕುವಾಗ. “ಅವರ ಬಲ್ಲಿ ಇರ್ಲಿಲ್ಲಲ್ಲ, ಸುವಾರ್ತಾ” ಎಂದರು. “ಇನ್ನ ನಮ್ಮ ಬಲ್ಲೀನೂ ಇಲ್ಲ” ಎಂದೆ. ನಕ್ಕುಬಿಟ್ಟರು. ಅವರು ನಕ್ಕರೆ ಮಾತು ಮುಗಿಯಿತು ಎಂದು ಅರ್ಥ.

ನಾನು ನರ್ಸ್. ಕಲಿತದ್ದು ಹೆರಿಗೆ ಕೆಲಸ, ಪ್ರೀತಿಯಿಂದ ಮಾಡುವುದೂ ಅದೊಂದೇ. ಹುಮನಾಬಾದಿನಲ್ಲಿ ಒಂದು ನರ್ಸಿಂಗ್ ಹೋಮ್ ಸೇರಿದೆ, ಇವರಿಗೆ ವರ್ಗವಾಯಿತು, ಬಿಟ್ಟೆ. ಬಸವಕಲ್ಯಾಣದಲ್ಲಿ ಸೇರಿದೆ, ಮತ್ತೆ ವರ್ಗ, ಮತ್ತೆ ಬಿಟ್ಟೆ. ಭಾಲ್ಕಿಗೆ ಬಂದ ಮೇಲೆ ಕೆಲಸವೇ ಸಿಗಲಿಲ್ಲ. ಪಾಸ್ಟರ್ ಹೆಂಡತಿಗೆ ಪಗಾರವಿಲ್ಲದ ನೌಕರಿ ಮಾತ್ರ ಯಾವ ಊರಿಗೆ ಹೋದರೂ ತಯಾರಿರುತ್ತದೆ. ಸ್ತ್ರೀ ಸಂಘ ನಡೆಸು, ಭಾನುವಾರ ಮಕ್ಕಳಿಗೆ ಪಾಠ ಹೇಳು, ಹಾಡು ಕಲಿಸು, ಬಂದವರಿಗೆಲ್ಲ ಚಹಾ ಇಡು. ನಮಗೆ ಮಕ್ಕಳಾಗಲಿಲ್ಲ. ಹೆರಿಗೆ ವಾರ್ಡಿನಲ್ಲಿ ಹುಟ್ಟಿದ ಕೂಸನ್ನು ಎಲ್ಲರಿಗಿಂತ ಮೊದಲು ಎತ್ತಿಕೊಳ್ಳುವ ಭಾಗ್ಯ ಒಂದಿತ್ತು, ಅದೂ ಹೋಗಿತ್ತು.

ಅಂಥದ್ದರಲ್ಲಿ ಈ ಬೇಸಿಗೆಯಲ್ಲಿ ಆಯೆಶಾ ಫೋನ್ ಮಾಡಿದಳು. ನನ್ನ ಜೊತೆ ಕಲಿತವಳು, ಈಗ ಬೀದರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಮೇಟ್ರನ್. “ಹೆರಿಗಿ ವಾರ್ಡಿಗೆ ಇನ್‌ಚಾರ್ಜ್ ಸಿಸ್ಟರ್ ಬೇಕಾಗ್ಯಾರ. ನಿನ್ನ ಹೆಸರು ಹೇಳಿ ಹಿಡಿದಿಟ್ಟೀನಿ. ಜೂನ್ ಒಂದಕ್ಕ ಬಂದು ನಿಂದರಬೇಕು ನೋಡು. ಬರ್ಲಿಲ್ಲಂದ್ರ ಹೊಸ ಹುಡುಗಿನ್ನ ತೊಗೋತಾರ. ನಮ್ಮ ವಯಸ್ಸಿನವರಿಗಿ ಇನ್ನೊಮ್ಮೆ ಯಾರು ಕರೀತಾರ, ಹೇಳು.”

ನಮ್ಮ ಅದೃಷ್ಟಕ್ಕೆ ಈ ವರ್ಷ ಇವರಿಗೆ ಬೀದರವೇ ಎಂದು ಸುದ್ದಿ ಇತ್ತು. ಜಿಲ್ಲೆಯ ಪಾಸ್ಟರ್‌ಗಳ ಮೇಲೆ ಒಬ್ಬ ಮೇಲ್ವಿಚಾರಕರು ಇರುತ್ತಾರೆ, ನಾವು ಡಿ.ಎಸ್. ಸಾಹೇಬರು ಅನ್ನುತ್ತೇವೆ. ಅವರ ಹೆಂಡತಿಯೇ ನನ್ನ ಕೈ ಹಿಡಿದು, “ಬೀದರ ಪಕ್ಕಾ ಆಗ್ಯಾದ್ರಿ, ಸಾಮಾನು ಕಟ್ರಿ” ಎಂದಿದ್ದರು. ಕಟ್ಟಿದೆ. ಬಿಳಿ ಸೀರೆ, ಬಿಳಿ ಬೂಟು, ಹಳೆಯ ಪುಸ್ತಕಗಳನ್ನು ಒಂದು ಟ್ರಂಕಿಗೆ ತುಂಬಿ, ಲಾಲ ಅಹ್ಮದನ ಟೆಂಪೋದಲ್ಲಿ ಮುಂಚಿತವಾಗಿಯೇ ಬೀದರದ ಪಾಸ್ಟರ್ ಮನೆಗೆ ಕಳಿಸಿಬಿಟ್ಟೆ. ಭಾಲ್ಕಿಯ ಹೆಂಗಸರು ಶಾಲು ಹೊದಿಸಿ ಬೀಳ್ಕೊಟ್ಟೂ ಆಯಿತು.

ನಮ್ಮ ಪಾಸ್ಟರ್ ಮನೆಗಳಲ್ಲಿ ಒಂದು ಪದ್ಧತಿ ಇದೆ. ಬಿಟ್ಟು ಹೋಗುವವಳು ಬರುವವಳಿಗಾಗಿ ಅಡಿಗೆಮನೆ ತುಂಬಿಸಿ ಹೋಗಬೇಕು. ಜೋಳ, ತೊಗರಿ ಬೇಳೆ, ಶೇಂಗಾ ಹಿಂಡಿ, ಕಡ್ಡಿಪೆಟ್ಟಿಗೆ ಕೂಡ. ಬಂದವರ ಮೊದಲ ದಿನದ ಊಟವನ್ನೂ ಮಾಡಿಟ್ಟು ಬಾಗಿಲು ಹಾಕಬೇಕು. ಕೆಲವರು ಕಾಟಾಚಾರಕ್ಕೆ ಮಾಡುತ್ತಾರೆ. ಈ ಸಲ ನಾನು ಸಂತೋಷದಲ್ಲಿದ್ದೆ, ಎರಡು ಡಬ್ಬಿ ಹೆಚ್ಚೇ ತುಂಬಿಸಿದೆ.

ಮೇ ತಿಂಗಳಲ್ಲಿ ಬೀದರದಲ್ಲಿ ಪಾಸ್ಟರ್‌ಗಳ ವಾರ್ಷಿಕ ಸಮ್ಮೇಳನ. ಶಾಮಿಯಾನದ ಕೆಳಗೆ ಫ್ಯಾನು ತಿರುಗಿದರೂ ಬೆವರು ನಿಲ್ಲುತ್ತಿರಲಿಲ್ಲ. ಕೊನೆಯ ದಿನ ಬಿಷಪ್ ಎದ್ದು ಯಾರು ಯಾವ ಊರಿಗೆ ಎಂದು ಓದುತ್ತಾರೆ. ಹೆಸರು ಬಂದ ಪಾಸ್ಟರ್ ಎದ್ದು, ತಲೆ ಬಾಗಿಸಿ, “ಕರ್ತನ ಚಿತ್ತ” ಅನ್ನಬೇಕು. ಒಮ್ಮೆ ಓದಿದರೆ ಮುಗಿಯಿತು, ಬದಲಾವಣೆ ಇಲ್ಲ.

“ಠಾಣಾ ಕುಶನೂರ, ಅನೀಲಕುಮಾರ.”

ಬಿಷಪ್ ತಪ್ಪು ಓದಿದರೇನೋ ಎಂದುಕೊಂಡೆ. ಔರಾದ ತಾಲೂಕಿನ ಹಳ್ಳಿ ಅದು. ಅಲ್ಲಿಂದ ಬೀದರದ ಆಸ್ಪತ್ರೆಗೆ ದಿನಾ ಹೋಗಿ ಬರುವುದು, ಅದರಲ್ಲೂ ರಾತ್ರಿ ಪಾಳಿ ಇರುವ ಕೆಲಸಕ್ಕೆ, ಸಾಧ್ಯವೇ ಇಲ್ಲ. ಇವರ ಕಡೆ ನೋಡಿದೆ. ಇವರು ಆಗಲೇ ಎದ್ದು ನಿಂತು, ಕಾದು ಕೂತವರ ಹಾಗೆ, “ಕರ್ತನ ಚಿತ್ತ” ಎಂದುಬಿಟ್ಟರು.

“ಬೀದರ, ದಿಲೀಪ.”

ದಿಲೀಪ ಇವರಿಗಿಂತ ಚಿಕ್ಕವನು, ಇಷ್ಟು ದಿನ ಕುಶನೂರದಲ್ಲೇ ಇದ್ದವನು. ಅವನ ಹೆಂಡತಿ ರತ್ನಮಾಲಾ ನನ್ನ ಮುಂದಿನ ಸಾಲಿನಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದಳು. ಖುಷಿಗೆ ಅಳುತ್ತಾಳೆ ಇವಳು, ನನ್ನ ಊರು ಕಸಿದುಕೊಂಡು ಅಳುತ್ತಾಳೆ ಎಂದು ಮೈಯೆಲ್ಲ ಉರಿಯಿತು. ಯಾರೋ ವಶೀಲಿ ಮಾಡಿದ್ದಾರೆ, ನಮಗೆ ಮೋಸವಾಗಿದೆ, ನನ್ನ ಗಂಡನ ಸಾಧುತನ ನೋಡಿ ಮಾಡಿದ್ದಾರೆ. ನನಗೆ ಬೇರೆ ಏನೂ ಹೊಳೆಯಲಿಲ್ಲ.

ಊಟದ ಸಾಲಿನಲ್ಲಿ ಡಿ.ಎಸ್. ಸಾಹೇಬರು ತಟ್ಟೆ ಹಿಡಿದು ನಿಂತಿದ್ದರು. ನಾನು ಹೋಗಿ ಎದುರಿಗೇ ನಿಂತೆ.

“ಸಾಹೇಬ್ರ, ಯಾರ ಮಾತು ಕೇಳಿ ಹಿಂಗ ಮಾಡಿದ್ರಿ? ಬೀದರ ನಮಗ ಅಂತ ನಿಮ್ಮ ಮನ್ಯಾಗಿಂದೇ ಮಾತು ಬಂದಿತ್ತು. ಒಂದಕ್ಕ ನನ್ನ ನೌಕರಿ ಶುರು ಅದ. ನನ್ನ ಹೊಟ್ಟಿ ಮ್ಯಾಲ ಹೊಡ್ದಿರಲ್ರೀ! ನಮ್ಮ ಮನಿಯವರು ಬಾಯಿಲ್ಲದವರಂತ ತಿಳ್ಕೊಂಡಿರೇನು?”

ಬಡಿಸುವವರ ಸೌಟುಗಳು ನಿಂತವು. ನನ್ನ ದನಿ ಸಣ್ಣದಲ್ಲ, ಸಿಟ್ಟು ಬಂದರೆ ಇನ್ನೂ ದೊಡ್ಡದಾಗುತ್ತದೆ. ಸಾಹೇಬರು ತಟ್ಟೆಯನ್ನು ಮೇಜಿನ ಮೇಲಿಟ್ಟರು.

“ಅಮ್ಮಾ, ಜರಾ ಸಮಾಧಾನ. ನಾ ಏನೂ ಮಾಡಿಲ್ಲ. ನಿಮ್ಮ ಮನಿಯವರೇ ಬಂದು, ಬೀದರ ದಿಲೀಪಗ ಕೊಡ್ರಿ, ನನಗ ಕುಶನೂರ ಹಾಕ್ರಿ ಅಂತ ಕೈ ಮುಗದಾರ. ನಿಮಗೂ ಒಪ್ಪಿಗಿ ಅದ ಅಂತ ಹೇಳ್ಯಾರ. ನಾ ಎರಡು ಸಲ ಕೇಳೀನ್ರಿ.”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಊರು ಕೊಟ್ಟದ್ದು ಹಾಗಿರಲಿ, ಒಪ್ಪಿಗೆ! ನನ್ನ ಒಪ್ಪಿಗೆ! ಸುಳ್ಳು ಅನ್ನುವುದು ಬಾಯಿಗೇ ಬರದ ಮನುಷ್ಯ ಎಂದು ನಾನು ಯಾರ ಬಗ್ಗೆ ಆಣೆ ಮಾಡಬಹುದಿತ್ತೋ, ಆ ಮನುಷ್ಯ ನನ್ನ ಹೆಸರಿನಲ್ಲಿ ಸುಳ್ಳು ಹೇಳಿದ್ದ.

ನೀರಿನ ಟಾಕಿಯ ಹಿಂದೆ ಬೇವಿನ ಮರದ ಕೆಳಗೆ ಅವರನ್ನು ಹಿಡಿದೆ.

“ನಾ ಯಾವಾಗ ಒಪ್ಪಿದ್ದೆ, ಹೇಳ್ರಿ.”

“ನೀ ಬ್ಯಾಡ ಅನ್ನಂಗಿಲ್ಲ ಅಂತ ಗೊತ್ತಿತ್ತು ನನಗ” ಎಂದರು ಮೆಲ್ಲಗೆ. “ದಿಲೀಪನ ಮಗಳಿಗಿ ಕಿವಿ ಆಪರೇಷನ್ ಆಗ್ಯಾದ. ಮಷಿನ್ ಕೂಡ್ಸ್ಯಾರ. ಈಗ ದಿನಾ ತರಬೇತಿ ಕೊಟ್ರ ಮಾತು ಬರ್ತದ, ತಡ ಮಾಡಿದ್ರ ಬರಂಗಿಲ್ಲ ಅಂತ ಡಾಕ್ಟರ್ ಹೇಳ್ಯಾರ. ತರಬೇತಿ ಬೀದರದಾಗ ಅದ. ಕುಶನೂರದಿಂದ ಆ ಕೂಸಿಗಿ ದಿನಾ ಬಸ್ಸಿನ್ಯಾಗ ಹ್ಯಾಂಗ ತರ್ತಾರ? ನಾವಿಬ್ಬರು ಎಲ್ಲಿದ್ರೂ ನಡೀತದ, ಸುವಾರ್ತಾ. ಇದ್ದುದ್ರಾಗ ಸಂತೋಷ ಪಟ್ರಾಯ್ತು.”

“ಆ ಕೂಸಿನ ಮಾತು ನನಗ ಬಂದು ಹೇಳಿದ್ರ ನಾ ಏನು ಕಲ್ಲೇನ್ರಿ? ಹೇಳ್ಲಿಕ್ಕ ಏನಾಗಿತ್ತು ನಿಮಗ? ನಿಮ್ಮ ಸ್ವೆಟರ್ ಕೊಡ್ರಿ, ನಿಮ್ಮ ಊಟ ಕೊಡ್ರಿ, ಬೇಕಾದ್ರ ಉಟ್ಟ ಧೋತರ ಬಿಚ್ಚಿ ಕೊಡ್ರಿ, ನಾ ಕೇಳಂಗಿಲ್ಲ. ನನ್ನ ನೌಕರಿ ಏನು ನಿಮ್ಮ ಕಿಸೆದಾಗ ಇತ್ತೇನು, ತೆಗೆದು ಕೊಡ್ಲಿಕ್ಕ?”

ಅವರು ನಕ್ಕು ಮುಗಿಸಲು ಹೋದರು. ನನ್ನ ಮುಖ ನೋಡಿ ನಗು ಅರ್ಧಕ್ಕೆ ನಿಂತಿತು. ಅವತ್ತಿನಿಂದ ನಾನು ಅವರ ಜೊತೆ ಮಾತು ಬಿಟ್ಟೆ.

ಭಾಲ್ಕಿಗೆ ಹಿಂತಿರುಗಿ ಉಳಿದ ಸಾಮಾನು ಕಟ್ಟಿದೆವು. ಲಾಲ ಅಹ್ಮದ ಟೆಂಪೋ ಹಚ್ಚಿ, “ಬೀದರ ಅಂದಿದ್ರಲ್ರೀ, ಅಮ್ಮಾ?” ಎಂದ. “ಅಯ್ಯನೋರಿಗೇ ಕೇಳಪಾ” ಎಂದೆ. ಅವನು ಇಬ್ಬರ ಮುಖವನ್ನೂ ನೋಡಿ, ಮತ್ತೆ ಏನೂ ಕೇಳದೆ ಹಗ್ಗ ಬಿಗಿದ.

ಕುಶನೂರದ ಪಾಸ್ಟರ್ ಮನೆಯ ಬೀಗ ತೆಗೆದು ಒಳಗೆ ಹೋದೆ. ಮನೆಯೆಲ್ಲ ತೊಳೆದು ಒರೆಸಿಟ್ಟಿದ್ದರು. ಡಬ್ಬಿಗಳ ತುಂಬ ಬೇಳೆ, ಹೊಸದಾಗಿ ಬೀಸಿಸಿದ ಜೋಳದ ಹಿಟ್ಟು, ಬಟ್ಟೆ ಸುತ್ತಿಟ್ಟ ರೊಟ್ಟಿ, ಪುಂಡಿಪಲ್ಯ. ಅಷ್ಟಾಗಿದ್ದರೆ ಪದ್ಧತಿ ಅನ್ನಬಹುದಿತ್ತು. ರತ್ನಮಾಲಾ ತನ್ನ ಗ್ಯಾಸ್ ಸಿಲಿಂಡರ್ ಬಿಟ್ಟು ಹೋಗಿದ್ದಳು. ಮಿಕ್ಸರ್ ಬಿಟ್ಟಿದ್ದಳು. ತನ್ನ ಹೊಸ ಚಾದರವನ್ನು ಮಂಚದ ಮೇಲೆ ಹಾಸಿದ್ದಳು. ಬೀದರದಲ್ಲಿ ಅವಳು ಏನಿಟ್ಟುಕೊಂಡು ಅಡಿಗೆ ಮಾಡುತ್ತಾಳೆ? ನನಗೆ ಇನ್ನಷ್ಟು ಸಿಟ್ಟು ಬಂತು. ನನ್ನ ಊರು ತೆಗೆದುಕೊಂಡು ಮಿಕ್ಸರ್ ಕೊಟ್ಟು ಸಮಾಧಾನ ಮಾಡುತ್ತಾಳೇನು ಎಂದುಕೊಂಡೆ. ಆದರೂ ರೊಟ್ಟಿ ತಿಂದೆ, ಹಸಿವಾಗಿತ್ತು. ಪುಂಡಿಪಲ್ಯ ಚೆನ್ನಾಗಿತ್ತು, ಅದೂ ಸಿಟ್ಟೇ.

ಎರಡು ದಿನ ಬಿಟ್ಟು ಅವಳ ಫೋನ್ ಬಂತು. “ಅಕ್ಕಾ, ನಿಮ್ಮ ಟ್ರಂಕ್ ಇಲ್ಲೇ ಅದ್ರಿ. ಶನಿವಾರ ಬರ್ರಿ.” ಟ್ರಂಕ್ ನನ್ನದು, ತರಲೇಬೇಕಲ್ಲ. ಮೇ ಮೂವತ್ತನೆಯ ತಾರೀಖು, ಶನಿವಾರ, ಬೆಳಗಿನ ಬಸ್ಸಿಗೆ ಹೋದೆ. ಹೋಗುವಾಗ ಅವಳಿಗೆ ಹೇಳಬೇಕಾದ ನಾಲ್ಕು ಮಾತುಗಳನ್ನು ಚೆನ್ನಾಗಿ ಜೋಡಿಸಿಕೊಂಡಿದ್ದೆ.

ಒಂದನ್ನೂ ಹೇಳಲಾಗಲಿಲ್ಲ. ಬಾಗಿಲು ತೆಗೆದ ರತ್ನಮಾಲಾ ನನ್ನ ಕೈ ಹಿಡಿದು ಹೊರಗಿನ ಕೋಣೆಗೆ ಕರೆದುಕೊಂಡು ಹೋದಳು. ಅದು ಪಾಸ್ಟರ್ ಕೂತು ಬರೆಯುವ, ಬಂದವರನ್ನು ಮಾತಾಡಿಸುವ ಕೋಣೆ. ಮೇಜು ಕುರ್ಚಿ ಹೊರಗೆ ವರಾಂಡಕ್ಕೆ ಹೋಗಿದ್ದವು. ಕೋಣೆಯಲ್ಲಿ ಮಂಚ, ಹಾಸಿಗೆ, ನೀರಿನ ತಂಬಿಗೆ. ಗೋಡೆಯ ಗೂಟಕ್ಕೆ ನನ್ನ ಬಿಳಿ ಸೀರೆ, ಒಗೆದು ಇಸ್ತ್ರಿ ಮಾಡಿ ತೂಗುಹಾಕಿದ್ದಳು. ಕೆಳಗೆ ಬಿಳಿ ಬೂಟು, ಪಾಲಿಶ್ ಆಗಿತ್ತು.

“ಸೋಮವಾರ ಡ್ಯೂಟಿ ಅದ ಅಲ್ರೀ ಅಕ್ಕಾ?”

“ನಿನಗ ಹ್ಯಾಂಗ ಗೊತ್ತು?” ಎಂದೆ.

“ಊಟದ ಸಾಲಿನಾಗ ಇಡೀ ಜಿಲ್ಲಾ ಕೇಳ್ಯಾದ್ರಿ” ಎಂದಳು. ನಗಬೇಕೋ ಬೇಡವೋ ಎಂದು ಅವಳ ತುಟಿ ತಡವರಿಸಿತು. “ನನಗೂ ಯಾರೂ ಹೇಳಿರಲಿಲ್ರಿ. ಬೀದರ ಅಂತ ಓದಿದಾಗಲೇ ನಾ ಕೇಳಿದ್ದು. ಗಂಡಸರಿಬ್ಬರೇ ಕೂತು ಮಾತಾಡ್ಕೊಂಡಾರ. ಆಮ್ಯಾಲ ನೀವು ಸಾಹೇಬ್ರಿಗಿ ಅಂದಿದ್ದು ಕೇಳಿ ನನಗ ಅನ್ನ ಇಳೀಲಿಲ್ಲ. ಇನ್ನೊಬ್ಬಕಿ ಹೊಟ್ಟಿ ಮ್ಯಾಲ ಕಾಲಿಟ್ಟು ನನ್ನ ಮಗಳಿಗಿ ಮಾತು ಕಲಿಸಲೇನ್ರಿ? ಈ ಖೋಲಿ ನಿಮ್ಮದು. ಎಷ್ಟು ವರ್ಷ ಇರ್ತೀರೋ ಇರ್ರಿ.”

ಅವಳ ಮಗಳು ಸಾನಿಕಾ ಬಾಗಿಲಲ್ಲಿ ನಿಂತಿದ್ದಳು. ಆರು ವರ್ಷದ್ದು, ಕಿವಿಯ ಹಿಂದೆ ಮಷಿನ್. ನನ್ನ ಹತ್ತಿರ ಬಂದು ಬಳೆಗಳನ್ನು ಅಲುಗಾಡಿಸಿ, ಸಪ್ಪಳ ಕೇಳಿ, ಮತ್ತೆ ಅಲುಗಾಡಿಸಿದಳು. ಆ ಕೂಸನ್ನು ನೋಡಿ ನನ್ನ ಸಿಟ್ಟು ಇಳಿಯಿತು ಎಂದರೆ ಸುಳ್ಳಾಗುತ್ತದೆ. ಸಿಟ್ಟು ಇದ್ದದ್ದು ಆ ಕೂಸಿನ ಮೇಲಲ್ಲ. ರತ್ನಮಾಲಾಳ ಮೇಲೆ ಇತ್ತು, ಅದು ಹೋಯಿತು, ನಾಚಿಕೆಯೂ ಆಯಿತು. ಇದ್ದ ಸಿಟ್ಟೆಲ್ಲ ಈಗ ಒಬ್ಬರ ಪಾಲಿಗೇ ಉಳಿಯಿತು.

“ಅವರನ್ನ ಕೇಳಬೇಕಲ್ಲ” ಎಂದೆ.

“ಅವರು ನಿಮ್ಮನ್ನ ಕೇಳಿದ್ರೇನ್ರಿ?” ಎಂದಳು. ಮೆತ್ತಗಿನ ಹುಡುಗಿ ಎಂದುಕೊಂಡಿದ್ದೆ, ಅವಳಿಗೂ ಖಾರ ಇತ್ತು.

“ಅದಕ್ಕೇ ಕೇಳ್ತೇನಿ. ಅವರು ಮಾಡಿದ್ದೇ ನಾನೂ ಮಾಡಿದ್ರ ನನಗ ಬೈಲಿಕ್ಕ ಬಾಯಿ ಎಲ್ಲಿರ್ತದ?”

ಸಂಜೆ ಕುಶನೂರಕ್ಕೆ ಬಂದಾಗ ಇವರು ಅಂಗಳದಲ್ಲಿ ಕೂತು ಉಳ್ಳಾಗಡ್ಡಿ ಹೆಚ್ಚುತ್ತಿದ್ದರು. ಎಷ್ಟೋ ದಿನದ ಮೇಲೆ ನಾನೇ ಬಾಯಿ ತೆಗೆದೆ.

“ರತ್ನಮಾಲಾ ಖೋಲಿ ಕೊಟ್ಟಾಳ. ನಾ ಬೀದರದಾಗ ಇದ್ದು ಡ್ಯೂಟಿ ಮಾಡಬೇಕಂತೀನಿ. ನೀವು ಇಲ್ಲಿ ಒಬ್ಬರೇ ಇರಬೇಕಾಗ್ತದ. ಸಭೆಯವರು ಮಾತಾಡ್ತಾರ, ಸಾಹೇಬ್ರು ಸಿಟ್ಟಿಗೇಳ್ತಾರ. ನಿಮ್ಮಂಗ ಮಾಡಲ್ದೆ ಕೇಳ್ಲತ್ತೀನಿ. ಹೂಂ ಅನ್ನಬಹುದು, ಒಲ್ಲೆ ಅನ್ನಬಹುದು.”

ಅವರು ಚಾಕು ಕೆಳಗಿಟ್ಟರು. ಕಣ್ಣಲ್ಲಿ ನೀರಿತ್ತು, ಉಳ್ಳಾಗಡ್ಡಿಯದೋ ಏನೋ. “ನಾಳೆ ಹೇಳ್ತೇನಿ” ಎಂದರು. ನಾಳೆ! ನನ್ನ ಊರು ಕೊಡಲು ಒಂದು ಗಳಿಗೆ ತಡಮಾಡದ ಮನುಷ್ಯನಿಗೆ ನನಗೆ ಒಂದು ಹೂಂ ಅನ್ನಲು ನಾಳೆ ಬೇಕಾಯಿತು. ಆ ಉಳ್ಳಾಗಡ್ಡಿಯನ್ನು ಎತ್ತಿಕೊಂಡು ಒಳಗೆ ಹೋದೆ.

ಮರುದಿನ ಭಾನುವಾರ. ಹೊಸ ಪಾಸ್ಟರನ್ನು ಸಭೆಗೆ, ಅಂದರೆ ಊರಿನ ಕ್ರೈಸ್ತ ಜನಕ್ಕೆ, ಒಪ್ಪಿಸುವ ಆರಾಧನೆ. ಡಿ.ಎಸ್. ಸಾಹೇಬರೇ ಬಂದಿದ್ದರು. ಚಿಕ್ಕ ಗುಡಿ, ಒಂದು ಕಡೆ ಗಂಡಸರು, ಒಂದು ಕಡೆ ಹೆಂಗಸರು, ಎಲ್ಲ ಸೋಯಾ ತೊಗರಿ ಬೆಳೆಯುವ ಜನ. ಸಾಹೇಬರು ನಮ್ಮಿಬ್ಬರನ್ನೂ ಮುಂದೆ ಕರೆದು ನಿಲ್ಲಿಸಿ, ಪದ್ಧತಿಯ ಪ್ರಕಾರ ಕೇಳಿದರು: “ನೀವಿಬ್ಬರೂ ಈ ಸಭೆಯ ಸೇವೆಗಿ ನಿಮ್ಮನ್ನ ಒಪ್ಪಿಸ್ತೀರೇನು?”

“ಇಬ್ಬರೂ ಅಲ್ರಿ. ನಾ ಒಬ್ಬನೇ” ಎಂದರು ಇವರು.

ಸಾಹೇಬರು ತಪ್ಪು ಕೇಳಿಸಿತೇನೋ ಎಂಬಂತೆ ಕತ್ತು ಚಾಚಿದರು. ಈ ಮನುಷ್ಯ ಮತ್ತೆ ಏನು ಮಾಡುತ್ತಾನಪ್ಪಾ ಎಂದು ಗಾಬರಿಯಾಯಿತು.

ಇವರು ಜನರ ಕಡೆ ತಿರುಗಿದರು. “ನಿಮ್ಮ ಪಾಸ್ಟರ್ ಆಗೋಕಿಂತ ಮೊದಲು ಒಂದು ಮಾತು ಹೇಳಬೇಕು. ನನಗ ಬೀದರ ಆಗಿತ್ತು. ದಿಲೀಪನ ಮಗಳ ಸಲುವಾಗಿ ಅವಗ ಕೊಟ್ಟೆ. ಕೊಟ್ಟಿದ್ದಕ್ಕ ನನಗ ದುಃಖ ಇಲ್ಲ. ಆದ್ರ ಬೀದರ ನನ್ನೊಬ್ಬಂದೇ ಆಗಿರಲಿಲ್ಲ. ಅರ್ಧ ನನ್ನ ಹೆಂಡ್ತಿದಿತ್ತು. ಅಕಿ ನೌಕರಿ ಇತ್ತು ಅದರಾಗ. ನಾ ಅಕಿಗಿ ಕೇಳಿಲ್ಲ. ಸಾಹೇಬ್ರು ಕೇಳಿದಾಗ ಅಕಿ ಒಪ್ಪ್ಯಾಳ ಅಂತ ಸುಳ್ಳು ಹೇಳೀನಿ. ಅದಕ್ಕ ದಾನ ಅನ್ನಂಗಿಲ್ಲ. ಎಂಟನೆಯ ಆಜ್ಞೆ ನೀವೆಲ್ಲಾ ಬಾಯಿಪಾಠ ಮಾಡೀರಿ. ನಾ ಕಳವು ಮಾಡೀನಿ.”

ಮನೆಯೊಳಗೆ ಒಂದು ಮಾತು ತಪ್ಪಾಯಿತು ಎಂದಿದ್ದರೆ ನನಗೆ ಸಾಕಿತ್ತು. ಇಡೀ ಸಭೆಯ ಮುಂದೆ, ಮೊದಲ ದಿನವೇ, ತಮ್ಮ ಮಾನವನ್ನು ತೆಗೆದು ಹೀಗೆ ನಡುಮನೆಯಲ್ಲಿ ಇಡುತ್ತಾರೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ.

“ಎಲ್ಲಿ ಹಾಕಿದ್ರೂ ನಾ ಸಂತೋಷದಿಂದ ಇರ್ತೇನಿ ಅಂತ ನನಗ ಜಂಬ ಇತ್ತು” ಎಂದರು ಇವರು. “ಅದು ನನ್ನ ಸಂತೋಷ. ಅಕಿದೂ ಅದೇ ಇರಬೇಕಂತ ನಾನೇ ಠರಾವು ಮಾಡಿಬಿಟ್ಟೆ. ನಾಳಿಂದ ಅಕಿ ಬೀದರದಾಗ ಡ್ಯೂಟಿ ಮಾಡ್ತಾಳ. ನಾ ಇಲ್ಲಿ ಇರ್ತೇನಿ.”

ಸಾಹೇಬರ ಮುಖ ಕೆಂಪಾಯಿತು. “ಅನೀಲಕುಮಾರ, ಇದು ಪದ್ಧತಿ ಅಲ್ಲ. ಪಾಸ್ಟರ್ ಹೆಂಡ್ತಿ ಸಭೆಯಾಗ ಇರಬೇಕು. ಹಿಂಗಾದ್ರ ನಾ ನಿಮಗ ಈ ಸಭೆ ಹ್ಯಾಂಗ ಒಪ್ಪಿಸ್ಲಿ?”

“ಒಪ್ಪಿಸಲಿಲ್ಲಂದ್ರ ಒಪ್ಪಿಸಬ್ಯಾಡ್ರಿ” ಎಂದರು ಇವರು. ದನಿ ಏರಲಿಲ್ಲ. “ನನ್ನ ಮ್ಯಾಲ ಏನು ಕ್ರಮ ತೊಗೋತೀರೋ ತೊಗೋರಿ. ಅಕಿದು ಅಕಿಗಿ ತಿರುಗಿ ಕೊಡೋದು ಬಿಡಂಗಿಲ್ಲ.”

ಹೆಂಗಸರ ಕಡೆಯಿಂದ ಗುರಮ್ಮ ಎದ್ದಳು. ಊರಿನ ಸಭೆಗೆ ಹಿರಿಯಳು, ಸೊಂಟ ಬಾಗಿದೆ, ದನಿ ಬಾಗಿಲ್ಲ.

“ಸಾಹೇಬ್ರ, ನಮ್ಮ ಸೊಸಿಗಿ ದಿನ ತುಂಬ್ಲತ್ತಾವ. ಬೀದರ ದವಾಖಾನಿಗಿ ಹೋದ್ರ ನಮ್ಮಂಥೋರಿಗಿ ಅಲ್ಲಿ ಯಾರು ಮಾತಾಡಿಸ್ತಾರ್ರಿ? ನಮ್ಮ ಅಮ್ಮನೋರು ಅಲ್ಲಿ ಇದ್ರ ನಮಗೇ ಚಲೋ. ಸ್ತ್ರೀ ಸಂಘ ನಾವೇ ನಡಸ್ತೇವಿ. ಅಯ್ಯನೋರು ರೊಟ್ಟಿ ಬಡೀಲಿಕ್ಕ ಕಲೀಲಿ. ಬರ್ಲಿಲ್ಲಂದ್ರ ನಾ ಕಲಸ್ತೇನಿ.”

ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಗುಡಿಯೆಲ್ಲ ನಕ್ಕಿತು. ಸಾಹೇಬರು ಚಷ್ಮಾ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ನನ್ನ ಕಡೆ ಒಮ್ಮೆ ನೋಡಿದರು. ಊಟದ ಸಾಲು ನೆನಪಾಯಿತೋ ಏನೋ, ಬೇಗ ಕಣ್ಣು ತಿರುಗಿಸಿ, “ಹಾಡು ಹಾಡ್ರಿ” ಎಂದರು. ಹಾಡು ಮುಗಿದ ಮೇಲೆ ಇವರೊಬ್ಬರ ತಲೆಯ ಮೇಲೆ ಕೈಯಿಟ್ಟು ಸಭೆಗೆ ಒಪ್ಪಿಸಿದರು.

ಮಧ್ಯಾಹ್ನದ ಬಸ್ಸಿಗೆ ನನ್ನ ಚೀಲ ಹೊತ್ತು ಬಂದವರು ಇವರೇ. ನನಗೆ ಕ್ಷಮಿಸಿದೆ ಅನ್ನಲು ಬಾಯಿ ಬರಲಿಲ್ಲ. ಸಿಟ್ಟು ಇನ್ನೂ ಇತ್ತು, ಅದರ ಪಕ್ಕದಲ್ಲೇ ಎದೆ ತುಂಬಿ ಬರುತ್ತಿತ್ತು. ಹಿಟ್ಟು ಎಲ್ಲಿದೆ, ಉಪ್ಪು ಎಲ್ಲಿದೆ, ಹಾಲಿನವನು ಯಾವಾಗ ಬರುತ್ತಾನೆ ಎಂದು ಹೇಳಿದೆ. ಎಲ್ಲದಕ್ಕೂ ತಲೆಯಾಡಿಸಿದರು.

ಬಸ್ಸು ಹತ್ತಿ ಕಿಟಕಿಯ ಹತ್ತಿರ ಕೂತೆ. ಅವರು ಕೆಳಗೆ ಬಿಸಿಲಲ್ಲಿ ನಿಂತು, ಕಿಟಕಿಯ ಸರಳು ಹಿಡಿದರು.

“ಸುವಾರ್ತಾ, ರಜಾ ಸಿಕ್ಕಾಗ ಇಲ್ಲಿಗಿ ಬರ್ತೀಯೇನು?”

ನಾನು ಅವರನ್ನೇ ನೋಡಿದೆ. ಅವರು ನಗಲಿಲ್ಲ. ನನ್ನ ಪರವಾಗಿ ತಾವೇ ಹೂಂ ಅಂದುಕೊಂಡು ಹೊರಟು ಹೋಗಲಿಲ್ಲ. ಕೇಳಿ ನಿಂತಿದ್ದರು, ನಾನು ಏನನ್ನುತ್ತೇನೋ ನಿಜವಾಗಿ ಗೊತ್ತಿಲ್ಲದವರ ಹಾಗೆ, ಹೆದರಿಕೊಂಡು. ಹದಿನೆಂಟು ವರ್ಷದಲ್ಲಿ ಈ ಮನುಷ್ಯ ನನ್ನನ್ನು ಒಂದು ಮಾತು ಕೇಳಿ ಉತ್ತರಕ್ಕೆ ನಿಂತದ್ದು ಅವತ್ತೇ ಮೊದಲು. ನನಗೆ ಅಭ್ಯಾಸವಿರಲಿಲ್ಲ.

ಕಂಡಕ್ಟರ್ ಸೀಟಿ ಊದಿದ. ಬಸ್ಸು ಅಲುಗಿತು. ಅವರು ಸರಳು ಬಿಡದೆ ಜೊತೆಗೇ ನಡೆದರು, ಆಮೇಲೆ ಸ್ವಲ್ಪ ಓಡಿದರು.

“ಬಿಡ್ರೀ, ಬೀಳ್ತೀರಿ!” ಎಂದು ಕೂಗಿದೆ. “ಬರ್ತೇನಿ! ಬರ್ತೇನ್ರಿ!”